ಗದ್ದುಗೆಯ ಹಳೆ ನೀರು

ಅಂಗೈಯಲ್ಲಿದ್ದ ಭಂಡಾರ ನೋಡನೋಡುತ್ತಲೇ ಕೆಂಪಾಯಿತು.

ಶೇಖಮ್ಮ ಕೈಯನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಬೀರಪ್ಪನ ಭಕ್ತರು ಹಣೆಗೆ ಹಚ್ಚಿಕೊಳ್ಳುವ ಅಪ್ಪಟ ಅರಿಶಿನದ ಪುಡಿ ಅದು. ಅದರ ಮೇಲೆ ಕಂಬಳಿದೊಡ್ಡಿ ಕೆರೆಯ ನೀರು ನಾಲ್ಕು ಹನಿ ಬಿದ್ದಿತ್ತು, ಅಷ್ಟೇ. ಅರಿಶಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುತ್ತದೆಂದು ಆರತಿ ನೀರು ಕಲಸುವ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಸೋಡಾ ತಾಕಿದರೂ ಅದೇ ಬಣ್ಣ. ಅಂದರೆ ಕೆರೆಯ ನೀರಿಗೆ ಕ್ಷಾರ ಸೇರಿದೆ. ಇಷ್ಟು ತಿಳಿಯಲು ಹೈದರಾಬಾದಿನ ಪೊಲೀಸ್ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿಯಬೇಕಾಗಿರಲಿಲ್ಲ.

"ಕೆಂಪಾತಲ್ರಿ ಮೇಡಂ?"

ಹಿಂದೆ ನಿಂತಿದ್ದವನು ಮೌನೇಶ್, ವಜ್ರ ಹುಡುಕಲು ಬಂದ ಕಂಪನಿಯ ಭೂವಿಜ್ಞಾನಿ. ಗದ್ವಾಲದವನು. ಕಿತ್ತಳೆ ಬಣ್ಣದ ಜಾಕೀಟು, ತಲೆಗೆ ಹಳದಿ ಟೋಪಿ, ಬೆಳಗಿನಿಂದ ಇವಳ ನೆರಳಿನಂತೆ ಹಿಂದೆಯೇ ಇದ್ದ.

"ಆತು," ಎಂದಳು ಶೇಖಮ್ಮ.

"ನಾವೂ ಅದನ್ನ ಹೇಳಾಕತ್ತೀವ್ರಿ. ಈ ಕೆರಿ ಮೊದಲಿಂದನೂ ಹಿಂಗ ಐತಿ."

"ಮೊದಲಿಂದ ಅಂದ್ರ ಯಾವಾಗಿಂದ?"

"ನಮ್ಮ ಮಿಷನ್ನು ಈ ಊರಿಗೆ ಬರೋಕಿಂತ ಮೊದಲಿಂದ. ಆವಾಗಿನ ನೀರು ಟೆಸ್ಟ್ ಮಾಡಿಸೀವಿ. ಆಗೂ ಕ್ಷಾರ, ಈಗೂ ಕ್ಷಾರ. ಇದರಾಗ ನಮ್ಮ ತಪ್ಪೇನೈತ್ರಿ?"

"ನಾ ಈ ನೀರು ಕುಡದು ಬೆಳದಾಕಿ ಮೌನೇಶ್. ಕೊಬ್ಬರಿ ನೀರು ಇದ್ದಂಗ ಇತ್ತು."

ಮೌನೇಶ್ ನಕ್ಕ. ಒರಟಾಗಿ ನಗಲಿಲ್ಲ, ದೊಡ್ಡವರ ಮುಂದೆ ನಗುವಷ್ಟೇ ನಕ್ಕ. "ಅದು ನೆನಪ್ರಿ ಮೇಡಂ. ನೆನಪು ಸಬೂತು ಆಗಂಗಿಲ್ಲ."

ಶೇಖಮ್ಮನಿಗೆ ಉರಿದುಹೋಯಿತು. ಉರಿಯಲು ಕಾರಣ ಅವನ ಮಾತು ಸುಳ್ಳಾಗಿದ್ದುದಲ್ಲ, ನಿಜವಾಗಿದ್ದುದು. ಕೋರ್ಟಿನ ಕಟಕಟೆಯಲ್ಲಿ ನಿಂತು ಇದೇ ಮಾತನ್ನು ಎಷ್ಟು ಜನರಿಗೆ ಅವಳೇ ಹೇಳಿರಲಿಲ್ಲ!

ಸಂಕ್ರಾಂತಿ ಕಳೆದ ಮೇಲೆ ಕಂಪನಿ ಕೆರೆಯ ಮೇಲಿನ ಇಳಿಜಾರಿನಲ್ಲಿ ಕೊರೆಯತೊಡಗಿತ್ತು. ಮುಂಗಾರಿನ ಮೊದಲ ಮಿರಗದ ಮಳೆಗೆ, ಕೊರೆಯಲು ಬಳಸುವ ಅವರ ಸೋಡಾ ಕೆಸರಿನ ಗುಂಡಿಗಳು ಒಡೆದು ಕೆರೆಗೆ ಹರಿದವು ಅಂತ ಕುರುಬರು. ಒಡೆಯಲೇ ಇಲ್ಲ ಅಂತ ಕಂಪನಿ. ಮೀನು ತೇಲಿದವು. ನೀರು ಕುಡಿದ ಕುರಿಗಳು ಮಲಗಿದವು, ಏಳಲಿಲ್ಲ. ಬೀರಪ್ಪನ ಪೂಜಾರಿ ಕಿಷ್ಟಪ್ಪ ಜನ ಕಟ್ಟಿಕೊಂಡು ಮಿಷನ್ನಿನ ಮುಂದೆ ಕೂತ. ಸುಳ್ಳು ಹೇಳಿ ಹಣ ಕೀಳಲು ಕೂತಿದ್ದಾನೆಂದು ಕಂಪನಿ ಅವನ ಮೇಲೆ ಕೇಸು ಜಡಿಯಿತು. ಇಂದು ಮಧ್ಯಾಹ್ನ ನಾರಾಯಣಪೇಟೆಯಲ್ಲಿ ವಿಚಾರಣೆ. ಕೊರೆಯುವ ಮೊದಲು ಕೆರೆ ಚೆನ್ನಾಗಿತ್ತೆಂದು ಶೇಖಮ್ಮ ತೋರಿಸಿದರೆ ಕಿಷ್ಟಪ್ಪ ಮನೆಗೆ. ಇಲ್ಲದಿದ್ದರೆ ಜೈಲಿಗೆ, ಮಿಷನ್ನು ಮತ್ತೆ ಕೆರೆಯ ಅಂಗಳಕ್ಕೆ.

ಮೊದಲು! ಇಡೀ ಪ್ರಕರಣ ಅದೊಂದೇ ಮಾತಿಗೆ ಜೋತುಬಿದ್ದಿತ್ತು. ಮೊದಲು ಈ ಕೆರೆ ಹೇಗಿತ್ತು?

ಕೇಳುವುದಾದರೆ ಶೇಖಮ್ಮನನ್ನೇ ಕೇಳಬೇಕು.

ಅಪ್ಪನದು ಮಕ್ತಲದಲ್ಲಿ ಕಿರಾಣಿ ಅಂಗಡಿ. ಕಂಬಳಿಗೆ ಗಂಜಿ ಹಾಕಲು ಕುರುಬರಿಗೆ ಹುಣಸೆಬೀಜ ಬೇಕು. ಆ ಬೀಜದ ಚೀಲಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಅಪ್ಪ ಇಲ್ಲಿಗೆ ಬರುತ್ತಿದ್ದ. ಚೀಲದ ಮೇಲೆ ಅಣ್ಣ ಕರಿಬಸಯ್ಯ, ಅಣ್ಣನ ತೊಡೆಯ ಮೇಲೆ ಇವಳು. ಕೆರೆಯ ಏರಿ ಕಂಡ ಕೂಡಲೇ ಗಾಡಿಯಿಂದ ಧುಮುಕಿ ಓಡುವುದು, ಅಣ್ಣ "ಶೇಖೀ, ಬಿದ್ದೀಯ!" ಎಂದು ಕೂಗುತ್ತ ಹಿಂದೆ ಓಡಿಬರುವುದು. ಏರಿಯ ಉದ್ದಕ್ಕೂ ಕರಿ ಕಂಬಳಿಗಳು ಹಾಸಿರುತ್ತಿದ್ದವು. ಬೇಯಿಸಿದ ಹುಣಸೆಬೀಜದ ಗಂಜಿಯ ಆ ಘಾಟು ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಅವಳಿಗೆ ಹಸಿವಾಗುತ್ತದೆ. ಯಾಕೆಂದರೆ ಅದರ ಬೆನ್ನಿಗೇ ಕಿಷ್ಟಪ್ಪನ ಅವ್ವ ಸಜ್ಜೆ ರೊಟ್ಟಿ, ಬೆಣ್ಣೆ ಕೊಡುತ್ತಿದ್ದಳು. ತಿಂದು, ಕೆರೆಗೆ ಬಾಯಿ ಹಚ್ಚಿ ಕುಡಿದರೆ ನೀರು ಗಂಟಲಿಗೆ ತಂಪಾಗಿ ಇಳಿಯುತ್ತಿತ್ತು.

ಆಮೇಲೆ ಅಪ್ಪ ಹೋದ. ಅಣ್ಣ ಓದು ಬಿಟ್ಟು ತಕ್ಕಡಿ ಹಿಡಿದ. ತಂಗಿಯ ಓದು ಬಿಡಿಸಲಿಲ್ಲ. ಅವಳು ಹೈದರಾಬಾದಿನಲ್ಲಿ ದೊಡ್ಡ ಹುದ್ದೆಗೇರಿದಳು. ತೆಲಂಗಾಣ ಬಂತು, ನಾರಾಯಣಪೇಟೆ ಜಿಲ್ಲೆಯಾಯಿತು, ಕೆರೆಯ ಹೂಳು ತೆಗೆದರು, ರಸ್ತೆಯ ಬೋರ್ಡುಗಳೆಲ್ಲ ಹೊಸವಾದವು. ಹಳೆಯದಾಗಿ ಉಳಿದದ್ದೆಂದರೆ ಶೇಖಮ್ಮನ ಎಲ್ಲದಕ್ಕೂ ಮೂಗು ತೂರಿಸುವ ಚಾಳಿ. ಅದಕ್ಕೇ ಏನೋ, ನಿವೃತ್ತಿಯಾಗಿ ನಾರಾಯಣಪೇಟೆಯಲ್ಲಿ ಕೂತಿದ್ದವಳನ್ನು ಜಿಲ್ಲಾಡಳಿತ ಹುಡುಕಿ ಈ ಕೆರೆಯ ಪರಿಶೀಲನೆಗೆ ಕಳಿಸಿತ್ತು.

ಈಗ ಬೊಗಸೆ ನೀರೆತ್ತಿದರೆ ಸಾಬೂನು ಸವರಿದಂತೆ ಬೆರಳು ಜಾರುತ್ತಿತ್ತು. ಅವಳಿಗೆ ಅಳು ಬಂತು. ಮೌನೇಶನ ಮುಂದೆ ಅಳುವುದುಂಟೇ? ಸೆರಗಿನಿಂದ ಮುಖ ಒರೆಸಿಕೊಂಡು ತೂಬಿನ ಕಡೆ ನಡೆದಳು.

ನಿನ್ನೆಯ ದಿನವೂ ಗದ್ವಾಲದಲ್ಲಿ ಹಾಳಾಗಿತ್ತು. ಕಂಪನಿಗಾಗಿ ಆ "ಮೊದಲಿನ" ನೀರನ್ನು ಬಾಟಲಿಗೆ ತುಂಬಿದವನು ಅಂಜನಕುಮಾರ್ ಅಂತ, ಕೋಟೆಯ ಹತ್ತಿರ ಮಗ್ಗದ ಓಣಿಯಲ್ಲಿ ಇದ್ದಾನೆ, ಮೊದಲು ಅವನನ್ನು ಹಿಡಿ ಎಂದು ಅಣ್ಣನೇ ಹೇಳಿಕಳಿಸಿದ್ದ. ಹೋದರೆ ಅವನು ಹೇಳಿದ್ದಿಷ್ಟೇ: "ಅವರು ತೋರಿಸಿದ ಕಡೆ ತುಂಬೀನ್ರಿ. ನೀರಿನ ಮ್ಯಾಲ ಊರ ಹೆಸರು ಬರದಿರತೈತೇನ್ರಿ?" ಹಾಗಾದರೆ ಕೋರ್ಟಿಗೆ ಬಂದು ಗವಾಹಿ ಹೇಳು ಎಂದರೆ, ಮಗ್ಗದ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ.

ಪರಿಶೀಲನೆಗೆ ಬಂದಾಗಿನಿಂದ ಅವಳು ಇಳಿದುಕೊಂಡಿದ್ದು ಮಕ್ತಲದ ಅಣ್ಣನ ಮನೆಯಲ್ಲಿ; ಇವತ್ತು ಬೆಳಿಗ್ಗೆ ಅಣ್ಣ ಮತ್ತೆ ಅದನ್ನೇ ಅಂದಿದ್ದ. "ಕೆರಿ ದಂಡಿಗಿ ಹೋಗಿ ಏನ್ ಮಾಡ್ತಿ ಶೇಖೀ? ಬಿಸಲು. ಇನ್ನೊಮ್ಮಿ ಗದ್ವಾಲಕ್ಕ ಹೋಗು, ಅವನ್ನ ಬಾಯಿ ಬಿಡಸು." ದೇವರ ಜಗುಲಿಗೆ ಹೂವಿಡಲು ಅವಳು ಹೋದಾಗ, ಮೂಲೆಯಲ್ಲಿದ್ದ ಹಿತ್ತಾಳೆ ಗಿಂಡಿಗೆ ಅವಳ ಸೆರಗು ತಾಕಿತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದ ಹಳೆ ಗಿಂಡಿ. ಅಣ್ಣ ತಟ್ಟೆ ಬಿಟ್ಟು ಎದ್ದು ಬಂದ. "ಅದನ್ನ ಮುಟ್ಟಬ್ಯಾಡವ್ವ, ಗಂಗಾಜಲ," ಎಂದು ಎರಡೂ ಕೈಯಲ್ಲಿ ಎತ್ತಿ ಮೇಲಿಟ್ಟ. ವಯಸ್ಸಾದ ಮೇಲೆ ಅಣ್ಣನಿಗೆ ಮಡಿ ಜಾಸ್ತಿಯಾಗಿದೆ ಎಂದು ಶೇಖಮ್ಮ ಒಳಗೊಳಗೇ ನಕ್ಕಿದ್ದಳು.

ತೂಬಿನ ಕಲ್ಲಿನ ಬುಡದಲ್ಲಿ ಒಡೆದ ಗಡಿಗೆಯ ಚೂರುಗಳು ಬಿದ್ದಿದ್ದವು. ಒಂದರ ಕೊರಳಿಗೆ ಕಂಬಳಿಯ ತುಂಡು ಇನ್ನೂ ಅಂಟಿಕೊಂಡಿತ್ತು.

ಶೇಖಮ್ಮ ನಿಂತುಬಿಟ್ಟಳು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಹಣೆ ಬಡಿದುಕೊಂಡಳು.

"ಯಾಕ್ರಿ ಮೇಡಂ?" ಮೌನೇಶ್ ಓಡಿಬಂದ.

"ಮೊದಲಿನ ನೀರು ಐತಿ."

"ಎಲ್ಲಿ?"

"ಬೀರಪ್ಪನ ಹತ್ರ."

ಕಂಬಳಿದೊಡ್ಡಿಯ ಕುರುಬರಿಗೆ ಒಂದು ಪದ್ಧತಿಯುಂಟು. ದೀಪಾವಳಿ ಪಾಡ್ಯದಂದು ಪೂಜಾರಿ ಹೊಸ ಗಡಿಗೆಯಲ್ಲಿ ಕೆರೆಯ ನೀರು ತುಂಬಿ, ಬಾಯಿಗೆ ಕಂಬಳಿಯ ತುಂಡು ಹೊದಿಸಿ, ಕರಿ ಉಣ್ಣೆಯ ದಾರದಿಂದ ಬಿಗಿದು ಬೀರಪ್ಪನ ಗದ್ದುಗೆಯ ಮೇಲಿಡುತ್ತಾನೆ. ಮುಂದಿನ ಪಾಡ್ಯದವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ. ವರ್ಷ ತುಂಬಿದ ಮೇಲೆ ಹಳೆ ನೀರನ್ನು ತೂಬಿನ ಹತ್ತಿರ ಕೆರೆಗೇ ಸುರಿದು ಗಡಿಗೆ ಒಡೆಯುತ್ತಾರೆ. ಹಳೆ ನೀರು ಹೊಸ ನೀರಿಗೆ ದಾರಿ ತೋರಿಸಬೇಕಂತೆ. ಬೇರೆಲ್ಲಿ ಚೆಲ್ಲಿದರೂ ಬೀರಪ್ಪ ಆ ಮನೆತನವನ್ನೇ ಬಿಡುವುದಿಲ್ಲ ಎಂದು ಸುತ್ತಲಿನ ಊರುಗಳೆಲ್ಲ ನಂಬಿದ್ದವು. ಅಂಗಡಿಯವರಾದ ಶೇಖಮ್ಮನ ಮನೆಯವರೂ ನಂಬಿದ್ದರು.

ಜೀವಕ್ಕೆ ಬಂದ ಜಡ್ಡಿನವರಿಗೆ ಮಾತ್ರ ಪೂಜಾರಿ ಗಂಟು ಬಿಚ್ಚಿ ಆ ನೀರು ಕೊಡುತ್ತಿದ್ದ. ಶೇಖಮ್ಮ ಚಿಕ್ಕವಳಿದ್ದಾಗ ಅವ್ವ ವಿಷಮಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದಳು. ಆಗ ಕಿಷ್ಟಪ್ಪನ ಅಪ್ಪ ಒಂದು ಲೋಟ ತಂದು ಕೊಟ್ಟಿದ್ದ. ಅವ್ವ ಎದ್ದು ಕೂತಳು. ಅದು ಯಾವ ನೀರೆಂದು ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಕುಡಿದವರಿಗೆ ತಿಳಿದರೆ ಗುಣ ಹೋಗುತ್ತದೆ, ಪಾಡ್ಯ ಕಳೆಯುವವರೆಗೆ ಬಾಯಿ ಬಿಡಬಾರದು.

ಹೋದ ಪಾಡ್ಯಕ್ಕೆ ತುಂಬಿದ ಗಡಿಗೆ. ಕಂಪನಿಯ ಮಿಷನ್ನು ಬರುವ ಮೊದಲು ತುಂಬಿದ ನೀರು. ಸಬೂತು ದೇವರ ಮಗ್ಗುಲಲ್ಲೇ ಕೂತಿತ್ತು!

"ಶ್ರೀರಾಮುಲು, ಜೀಪು ತಗಿ!"

ಡ್ರೈವರು ಶ್ರೀರಾಮುಲು ತಿನ್ನುತ್ತಿದ್ದ ಮಿರ್ಚಿಬಜ್ಜಿ ಕೆಳಗಿಟ್ಟ. "ಪದಂಡಿ ಅಮ್ಮಗಾರು," ಎಂದು ಕೈ ಒರೆಸಿಕೊಂಡು ಗಾಡಿ ಹತ್ತಿದ. ಮೌನೇಶ್ ಫೋನು ಕಿವಿಗಿಟ್ಟುಕೊಂಡೇ ತನ್ನ ಗಾಡಿಯಲ್ಲಿ ಹಿಂದೆ ಬಂದ.

ಗುಡಿ ಕೆರೆಯ ಆಚೆ ದಂಡೆಯ ಗುಡ್ಡದ ಮೇಲೆ. ಕಟ್ಟೆಯ ಮೇಲೆ ಕಿಷ್ಟಪ್ಪ ಕೂತಿದ್ದ, ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರ. ಕಾಲು ಚಾಚಿ ಉಣ್ಣೆ ನೂಲುತ್ತಿದ್ದ. ಕೋರ್ಟಿನ ಪೇಶಿಗೆ ಹೋಗಬೇಕೆಂದು ಬಿಳಿ ಅಂಗಿ ತೊಟ್ಟಿದ್ದ. ಅವನ ಹೆಂಡತಿ ಸತ್ಯಮ್ಮ ಬುತ್ತಿ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದಳು. ನಾಲ್ಕಾರು ಕುರುಬರು ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು; ಮೇಯಿಸಲು ಕುರಿಗಳಿಲ್ಲದ ಕುರುಬರಿಗೆ ಬೇರೇನು ಕೆಲಸ?

"ಕಿಷ್ಟಣ್ಣ, ನೀ ಗೆದ್ದಿ!" ಮೆಟ್ಟಿಲು ಹತ್ತುತ್ತಲೇ ಶೇಖಮ್ಮ ಕೂಗಿದಳು. "ಗದ್ದಿಗಿ ಮ್ಯಾಲಿನ ಗಡಿಗಿ ತಗಿ. ಎಲ್ಲಾರ ಮುಂದ ಬಿಚ್ಚೋಣ. ಭಂಡಾರ ಹಳದಿ ಉಳಿದ್ರ ಸಾಕು, ಕೇಸು ಬಿದ್ದಹೋಗತೈತಿ."

ಕಿಷ್ಟಪ್ಪನ ಕೈಯಲ್ಲಿ ತಿರುಗುತ್ತಿದ್ದ ಕದಿರು ನಿಂತಿತು. ಅವನ ಮುಖದಲ್ಲಿ ಸಂತೋಷ ಬರಲಿಲ್ಲ.

"ಬ್ಯಾಡ ಶೇಖವ್ವ."

"ಬ್ಯಾಡ? ಯಾಕ?"

"ಪಾಡ್ಯಾದ ತನಕ ಬಿಚ್ಚಬಾರದು."

"ದೇವರ ಕೆರಿ ಸಲುವಾಗಿ ಬಿಚ್ಚಿದ್ರ ದೇವರೇ ಬ್ಯಾಡ ಅಂತಾನೇನು?"

"ಬ್ಯಾಡ ಅಂದ್ರ ಬ್ಯಾಡ."

ಸತ್ಯಮ್ಮನ ಬುತ್ತಿ ಕೈ ಜಾರಿತು. "ಏನಂತಿ ನೀ? ಇವತ್ತ ಒಳಗ ಹಾಕತಾರ ನಿನ್ನ! ಈ ವಯಸ್ಸಿನಾಗ ಜೇಲಿಗಿ ಹೋಗ್ತಿ? ತಗದು ತೋರಸು, ನಿನ್ನ ಕಾಲಿಗಿ ಬೀಳತೀನಿ!"

ಕಿಷ್ಟಪ್ಪ ಕದಿರನ್ನು ಕಂಬಳಿಯ ಮಡಿಕೆಗೆ ಸಿಕ್ಕಿಸಿದ.

ಮೌನೇಶ್ ಹಳದಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ತಗೀರಿ ಪೂಜಾರಿ. ನಮಗೇನ್ ಅಂಜಿಕಿ ಇಲ್ಲ. ಎಲ್ಲಾರ ಮುಂದನ ಆಗಲಿ."

ಶೇಖಮ್ಮ ಅವನನ್ನು ಒಮ್ಮೆ, ಇವನನ್ನು ಒಮ್ಮೆ ನೋಡಿದಳು. ಇದೇನು ಉಲ್ಟಾ ಕತೆ? ಗೆಲ್ಲಬೇಕಾದವನು ಹೆದರುತ್ತಿದ್ದಾನೆ, ಸೋಲಬೇಕಾದವನು ಬಿಚ್ಚಿ ಅನ್ನುತ್ತಿದ್ದಾನೆ. ಆದರೆ ಹೊತ್ತು ಏರುತ್ತಿತ್ತು. ನಾರಾಯಣಪೇಟೆ ದಾರಿಯೂ ದೂರವಿತ್ತು.

"ಕಿಷ್ಟಣ್ಣ," ಎಂದು ಅವಳು ಅವನ ಎದುರು ಕೂತಳು. "ಗಡಿಗಿ ಗಂಟು ನನಗ ಕಲಿಸಿದಾಂವ ನೀನ. ಇದ ಕಟ್ಟಿ ಮ್ಯಾಲ. ದಾರದ ತುದಿ ಎರಡ ಸಲ ಅಡಿಗಿ ತೂರಿಸಬೇಕು ಅಂತ ನನ್ನ ಬೆರಳು ಹಿಡದು ಹೇಳಿಕೊಟ್ಟಿದ್ದಿ. ನೆನಪೈತಿಲ್ಲ?"

"ಐತಿ," ಎಂದ ಕಿಷ್ಟಪ್ಪ. "ನೀ ಅಳಕೋತ ಕಲತಿದ್ದಿ. ಬರಲಿಲ್ಲಂದ್ರ ನಮ್ಮ ಅಣ್ಣಗ ಹೇಳ್ತೀನಿ ಅಂತಿದ್ದಿ."

"ಹಂಗಾದ್ರ ನಾನ ಬಿಚ್ಚತೀನಿ. ಪಾಪ ನನಗಿರಲಿ."

ಅವನು ಎದ್ದು ಒಳಗೆ ಹೋಗಿ ಗಡಿಗೆಯನ್ನು ಎದೆಗವಚಿಕೊಂಡು ತಂದ.

ಶೇಖಮ್ಮ ಗಂಟು ನೋಡಿದಳು. ಬೀರಪ್ಪನ ಗಂಟೇ. ತುದಿ ಎರಡು ಸಲ ಅಡಿಗೆ ಹೋಗಿತ್ತು. ಕಿಷ್ಟಪ್ಪನ ಕೈಯದೇ, ಅನುಮಾನವಿಲ್ಲ. ಬಿಚ್ಚಲು ತುದಿಯನ್ನು ಹಗುರವಾಗಿ ಎಳೆದಳು. ದಾರ ತುಂಡಾಯಿತು. ಇನ್ನೊಂದೆಳೆ ಎಳೆದಳು, ಅದೂ ಹುರಿದ ಶಾವಿಗೆಯಂತೆ ಪುಡಿಯಾಯಿತು.

ಕಂಬಳಿಯ ತುಂಡು ಸರಿಸಿದಳು. ಗಡಿಗೆಯ ಕೊರಳ ಮಟ್ಟಕ್ಕೆ ನೀರಿತ್ತು.

ಸತ್ಯಮ್ಮ ಚಿಟಿಕೆ ಭಂಡಾರ ಕೊಟ್ಟಳು. ಶೇಖಮ್ಮ ಅದನ್ನು ಬಿಳಿ ತಟ್ಟೆಯ ಮೇಲೆ ಹಾಕಿ, ಬೆರಳದ್ದಿ ಹನಿ ಬಿಟ್ಟಳು.

ಭಂಡಾರ ಕೆಂಪಾಯಿತು.

ಕುರುಬರು ಎದ್ದು ನಿಂತರು. ಒಬ್ಬ ಮುದುಕ "ಏಳುಕೋಟಿ, ಏಳುಕೋಟಿ" ಎಂದು ಕೆನ್ನೆ ಬಡಿದುಕೊಂಡ. ಸತ್ಯಮ್ಮ ಕಂಬಕ್ಕೆ ಒರಗಿ ಕೆಳಗೆ ಜಾರಿ ಕೂತಳು.

"ದೇವರೇ ಹೇಳಿದಂಗಾತಲ್ರಿ," ಎಂದ ಮೌನೇಶ್, ಟೋಪಿ ಹಾಕಿಕೊಳ್ಳುತ್ತ. "ಹೋದ ದೀವಳಗಿ ನೀರೂ ಕ್ಷಾರ. ನಾವು ಬರೋಕಿಂತ ಮೊದಲಿಂದು. ನಾ ನಾರಾಯಣಪೇಟಿಗಿ ನಡದೆ ಮೇಡಂ. ಅಲ್ಲೇ ಸಿಗೋಣು."

ಮೆಟ್ಟಿಲಿಳಿಯುತ್ತಿದ್ದಂತೆ ಅವನು ಮತ್ತೆ ಫೋನು ಕಿವಿಗಿಟ್ಟ. "ಹಾಂ, ಬಿಚ್ಚಿದ್ರು" ಎಂಬಷ್ಟೇ ಕೇಳಿಸಿತು. ಅವನ ಗಾಡಿ ಧೂಳೆಬ್ಬಿಸಿ ಹೋಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲಿ ಕೂರುತ್ತಿದ್ದರು. ಶೇಖಮ್ಮ ಮಾತ್ರ ಅಂಗೈಯಲ್ಲಿದ್ದ ದಾರದ ಪುಡಿಯನ್ನೇ ನೋಡುತ್ತಿದ್ದಳು. ಮನಸ್ಸು ಅರ್ಧ ಅಳುತ್ತಿತ್ತು, ಅರ್ಧ ಲೆಕ್ಕ ಹಾಕುತ್ತಿತ್ತು.

"ಎಲ್ಲಾರೂ ಸ್ವಲ್ಪ ಕೆಳಗ ಹೋಗ್ರಿ. ಸತ್ಯಮ್ಮ, ನೀನೂ," ಎಂದಳು.

ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ಕಿಷ್ಟಣ್ಣ, ಮಣ್ಣಿನ ಗಡಿಗಿ ನೀರು ಕುಡೀತೈತಿ. ಪಾಡ್ಯದಾಗ ತುಂಬಿದ್ರ ಇಷ್ಟೊತ್ತಿಗಿ ಅರ್ಧಕ್ಕ ಇಳೀಬೇಕು. ಇದು ಕೊರಳ ತನಕ ಐತಿ."

ಅವನು ಗಡಿಗೆಯ ಬಾಯಿಗೆ ಕಂಬಳಿಯ ತುಂಡನ್ನು ಮತ್ತೆ ಹೊದಿಸಿದ.

"ದಾರ ನೋಡು. ಹೋದ ವರ್ಷದ ಉಣ್ಣಿ ಆಗಿದ್ರ ಎತ್ತು ಕಟ್ಟಿದ್ರೂ ಹರೀತಿದ್ದಿಲ್ಲ. ಕೆರಿ ಕೆಟ್ಟ ಮ್ಯಾಲೆ ಅದರಾಗ ತೊಳದ ಉಣ್ಣಿ ಹಿಂಗ ಪುಡಿ ಆಗತೈತಿ. ಮೊನ್ನಿ ನೀನ ತೋರಿಸಿದ್ದಿ ನನಗ. ಅಂದ್ರ ಈ ಗಂಟು ಮಿರಗ ಕಳದ ಮ್ಯಾಲಿನದು. ಗಂಟು ನಿಂದು. ನೀರು ಕೆಟ್ಟ ಕೆರೀದು. ಮೊದಲಿನ ನೀರು ಎಲ್ಲಿ?"

"ಬರಿ ಗಡಿಗಿ ಗದ್ದಿಗಿ ಮ್ಯಾಲ ಇಡಬಾರದಲ್ಲವ್ವ," ಎಂದ ಕಿಷ್ಟಪ್ಪ, ತನಗೆ ತಾನೇ ಹೇಳಿಕೊಳ್ಳುವಂತೆ. "ಖಾಲಿ ಆತು. ಕೆರಿ ನೀರ ತಂದು ತುಂಬಿದೆ. ದೇವರ ಮುಂದ ಬರಿಗಡಿಗಿ ಹೆಂಗ ಇಡಲಿ?"

ಶೇಖಮ್ಮನಿಗೆ ಅವನ ಕೆನ್ನೆಗೊಂದು ಕೊಡಬೇಕೆನಿಸಿತು, ಅವನ ಕಾಲಿಗೂ ಬೀಳಬೇಕೆನಿಸಿತು. ತನ್ನನ್ನು ಉಳಿಸುವ ಒಂದೇ ಒಂದು ಸಬೂತನ್ನು ಈ ಮನುಷ್ಯ ಭಕ್ತಿಯಿಂದ, ಕೈಮುಗಿದು, ಕೆಟ್ಟ ನೀರು ತುಂಬಿ ಅಳಿಸಿಹಾಕಿದ್ದ!

"ಖಾಲಿ ಹೆಂಗಾತು?"

"ಕೊಟ್ಟೆ. ಶ್ರಾವಣದಾಗ ಒಬ್ಬರಿಗಿ ಜೀವಕ್ಕ ಬಂದಿತ್ತು. ದಿನಾ ಒಂದು ಗುಟುಕು ಹಾಕಬೇಕು ಅಂದ್ರು. ಅಷ್ಟೂ ಕೊಟ್ಟೆ."

"ಯಾರಿಗಿ?"

"ಹೇಳಬಾರದು."

"ಕೆಳಗ ನಿನ್ನ ಹೇಣ್ತಿ ಅಳಾಕತ್ಯಾಳ!"

"ಅಕೀಗೂ ಹೇಳಿಲ್ಲ. ಅಕಿ ಬಾಯಾಗ ಮಾತು ನಿಲ್ಲಂಗಿಲ್ಲ, ನಿನಗ ಮುಟ್ಟಿಸ್ತಾಳ."

"ನನಗ ಮುಟ್ಟಿದ್ರ ಏನಾತು? ನಾ ಹೊರಗಿನಾಕೇನು?"

ಕಿಷ್ಟಪ್ಪ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಅವನು ಅವಳನ್ನು ನೋಡುತ್ತಿದ್ದ ರೀತಿಯಲ್ಲಿ ಏನೋ ಸಮಾಧಾನ, ಏನೋ ಗೆದ್ದ ಭಾವ. ಮೊದಲ ದಿನ ಅವಳು ಜೀಪಿನಿಂದ ಇಳಿದಾಗಲೂ ಹೀಗೇ ನೋಡಿದ್ದ. "ಅರಾಮ ಅದಿಯಲ್ಲವ್ವ? ಖರೇ ಅರಾಮ ಅದಿಯಲ್ಲ?" ಎಂದು ಮೇಲಿಂದ ಮೇಲೆ ಕೇಳಿ, ಅವಳ ತಲೆ ಸವರಿದ್ದ. ಮುದುಕನಿಗೆ ಅಕ್ಕರೆ ಹೆಚ್ಚಾಗಿದೆ ಎಂದುಕೊಂಡಿದ್ದಳು.

ಕುಡಿದವರಿಗೆ ಹೇಳಬಾರದು. ನಿಯಮ ಇರುವುದು ಅಷ್ಟೇ. ಬೇರೆ ಯಾರಿಗೆ ಹೇಳಿದರೂ ದೋಷವಿಲ್ಲ.

ಹಾಗಿದ್ದರೆ ತನಗೆ ಯಾಕೆ ಹೇಳುತ್ತಿಲ್ಲ?

ಶೇಖಮ್ಮ ಕಟ್ಟೆಯ ಮೇಲೆ ಅವನ ಹತ್ತಿರಕ್ಕೆ ಸರಿದಳು.

"ಕಿಷ್ಟಣ್ಣ," ಎಂದಳು ಮೆಲ್ಲಗೆ. "ಆ ನೀರು ನನಗಂತ ಕೊಟ್ಟಿಯೇನು?"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನೀನ ಅಂದಿ, ನಾ ಹೇಳಿಲ್ಲ. ಬೀರಪ್ಪ, ನಾ ಹೇಳಿಲ್ಲೋ!"

"ನನಗೇನಾಗಿತ್ತು?"

"ಹೈದರಾಬಾದ್ ದವಾಖಾನ್ಯಾಗ ಬಿದ್ದಾಳ, ಡಾಕ್ಟರು ಕೈ ಬಿಟ್ಟಾರ ಅಂದ್ರವ್ವ. ನಿನ್ನೆಸರು ಕೇಳಿ ನನ್ನ ಕೈಕಾಲು ಆಡಲಿಲ್ಲ. ಕುರಿ ಹ್ವಾದ್ರ ಕುರಿ ಬರತಾವ. ನೀ ಹ್ವಾದ್ರ? ಗಡಿಗಿ ಬಗ್ಗಿಸಿ ಅಷ್ಟೂ ಸುರದೆ. ಈಗ ನೀ ಎದ್ದ ಬಂದಿ, ನನ್ನ ಮುಂದ ಕುಂತಿ. ಅವರು ಜೇಲಿಗಿ ಹಾಕಲಿ ಬಿಡು. ನನಗಿಷ್ಟ ಸಾಕು."

ಶೇಖಮ್ಮನಿಗೆ ನೆಗಡಿಯೂ ಆಗಿರಲಿಲ್ಲ. ಶ್ರಾವಣದುದ್ದಕ್ಕೂ ನಾರಾಯಣಪೇಟೆಯಲ್ಲಿ ಗಟ್ಟಿಮುಟ್ಟಾಗಿ ಇದ್ದಳು. ಈ ಹುಚ್ಚ ಅವಳ ಜೀವಕ್ಕೆಂದು ತನ್ನ ಜೀವವನ್ನೇ ಒತ್ತೆಯಿಟ್ಟು, ತುಟಿ ಹೊಲಿದುಕೊಂಡು ಕೂತಿದ್ದ.

"ಯಾರು ಬಂದಿದ್ರು ಕಿಷ್ಟಣ್ಣ? ನನಗ ಜಡ್ಡು ಅಂತ ಯಾರು ಹೇಳಿದ್ರು?"

"ಬ್ಯಾರೇದವರು ಹೇಳಿದ್ರ ನಾ ನಂಬತಿದ್ನೇನು?" ಕಿಷ್ಟಪ್ಪ ಆಶ್ಚರ್ಯದಿಂದ ಕೈ ಸರಿಸಿ ನೋಡಿದ. "ನಿಮ್ಮ ಅಣ್ಣಾರ ಬಂದಿದ್ರು. ಕರಿಬಸಯ್ಯನೋರು. ಕಟ್ಟಿ ಮ್ಯಾಲ ಕುಂತು ಅತ್ತರು. ಹಿತ್ತಾಳಿ ಗಿಂಡಿ ತಂದಿದ್ರು."

ಹಿತ್ತಾಳೆ ಗಿಂಡಿ.

ಅಣ್ಣನ ತೊಡೆ, ಹುಣಸೆಬೀಜದ ಚೀಲ, "ಶೇಖೀ, ಬಿದ್ದೀಯ!" ಎಲ್ಲ ಒಟ್ಟಿಗೆ ಎದೆಗೆ ಬಂದು ಬಡಿದವು. ಆ ಮನುಷ್ಯನಿಗೆ ಸುಳ್ಳು ಹೇಳಲು ಬೇರೆ ಯಾರ ಹೆಸರೂ ಸಿಗಲಿಲ್ಲವೇ?

ಒಂದೊಂದೇ ನೆನಪಾಯಿತು. ಆಷಾಢದಲ್ಲಿ, ಕುರುಬರು ಮಿಷನ್ನಿಗೆ ಅಡ್ಡ ಕೂತ ಸುದ್ದಿ ಬಂದಾಗ, ಫೋನಿನಲ್ಲಿ ಅವಳೇ ಹೇಳಿದ್ದಳು: "ಮೊದಲಿನ ನೀರು ಒಂದು ಲೋಟ ಸಿಕ್ಕರ ಸಾಕಣ್ಣ, ಖರೇ ಸುಳ್ಳು ಗೊತ್ತಾಗತೈತಿ." ಅತ್ತ ಕಡೆ ಅಣ್ಣ ಸುಮ್ಮನಾಗಿದ್ದ. ಮನೆಯ ಹಿಂದಿನ ಅವನ ಗೋದಾಮಿನಲ್ಲಿ ಈಗ ಬೇಳೆಯ ಚೀಲಗಳಿಲ್ಲ, ಕಂಪನಿ ಕೊರೆದು ತೆಗೆದ ಕಲ್ಲಿನ ಪೆಟ್ಟಿಗೆಗಳಿವೆ. "ಬಾಡಿಗಿ ಕೊಟ್ಟೀನಿ, ಖಾಲಿ ಬಿದ್ದಿತ್ತು" ಎಂದಿದ್ದ. ಗದ್ವಾಲಕ್ಕೆ ಹೋಗು ಎಂದಿದ್ದ. ಕೆರೆಗೆ ಹೋಗಬೇಡ ಎಂದಿದ್ದ. ಹೈದರಾಬಾದಿನಲ್ಲಿ ಎಂತೆಂಥ ಕಳ್ಳರ ಸುಳ್ಳನ್ನು ವಾಸನೆಯಿಂದಲೇ ಹಿಡಿದವಳಿಗೆ, ದಿನಾ ರೊಟ್ಟಿ ಬಡಿಸುತ್ತಿದ್ದ ಕೈಯ ವಾಸನೆ ತಿಳಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅಳುವುದಕ್ಕೆ ಆಮೇಲೆ ಸಮಯ ಸಿಗುತ್ತದೆ. ಶೇಖಮ್ಮ ಕಣ್ಣೊರೆಸಿಕೊಂಡಳು. ಗಿಂಡಿ ಇನ್ನೂ ಇದೆ. ಬೆಳಿಗ್ಗೆ ಅವಳ ಸೆರಗು ತಾಕಿದ ಗಿಂಡಿ. ಅದರಲ್ಲಿರುವುದು ಗಂಗಾಜಲವಲ್ಲ. ಅಣ್ಣ ಸುಳ್ಳು ಹೇಳಬಲ್ಲ, ಆದರೆ ಬೀರಪ್ಪನ ನೀರನ್ನು ಬಚ್ಚಲಿಗೆ ಚೆಲ್ಲುವ ಧೈರ್ಯ ಅವನಿಗಿಲ್ಲ. ಅದಕ್ಕೇ ಜಗುಲಿಯ ಮೇಲೆ ಇಟ್ಟು ಪಾಡ್ಯಕ್ಕೆ ಕಾಯುತ್ತಿದ್ದಾನೆ. ಮಕ್ತಲ ಹತ್ತಿರವೇ. ಗಿಂಡಿಯನ್ನು ಎತ್ತಿಕೊಂಡರೆ ವಿಚಾರಣೆಯ ಹೊತ್ತಿಗೆ ನಾರಾಯಣಪೇಟೆ ಮುಟ್ಟಬಹುದು.

ಕಿಷ್ಟಪ್ಪ ಉಳಿಯುತ್ತಾನೆ. ಅಣ್ಣ? ಆ ಪ್ರಶ್ನೆಯನ್ನು ಅವಳು ಗಂಟಲಲ್ಲೇ ನುಂಗಿದಳು.

"ಏಳು ಕಿಷ್ಟಣ್ಣ. ಮಕ್ತಲಕ್ಕ ಹೋಗೋಣು."

ಕೆಳಗಿನಿಂದ ಶ್ರೀರಾಮುಲು ಕೂಗಿದ. "ಅಮ್ಮಗಾರು! ಅಣ್ಣಗಾರು ವಚ್ಚಾರು! ಅಗೋ, ಅಲ್ಲಿ, ಏರಿ ಮ್ಯಾಲ!"

ಅಣ್ಣ ಬಂದನೇ? ಶೇಖಮ್ಮ ಕಟ್ಟೆಯ ಅಂಚಿಗೆ ಓಡಿದಳು. ಕೆರೆಯ ಆಚೆ ಏರಿಯ ಮೇಲೆ ಕರಿಬಸಯ್ಯನ ಕಾರು ನಿಂತಿತ್ತು. ಬಿಳಿ ಧೋತರದ ಮುದುಕ ಇಳಿದು, ಕಾಲೆಳೆಯುತ್ತ ಬರುತ್ತಿದ್ದ. ಒಂದು ಗಳಿಗೆ ಅವಳ ಮನಸ್ಸು ಹಳೆಯ ಕಡೆಗೇ ವಾಲಿತು: ಊಟ ತಂದಿದ್ದಾನೆ, ಬಿಸಿಲಲ್ಲಿ ತಂಗಿ ಹಸಿದಿದ್ದಾಳೆಂದು ರೊಟ್ಟಿ ಕಟ್ಟಿಕೊಂಡು ಬಂದಿದ್ದಾನೆ.

ಅಣ್ಣ ಗುಡಿಯ ಕಡೆ ತಿರುಗಲಿಲ್ಲ. ತೂಬಿನ ಮೆಟ್ಟಿಲು ಇಳಿಯತೊಡಗಿದ. ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದ ವಸ್ತು ಬಿಸಿಲಿಗೆ ಮಿಂಚಿತು.

ಮೌನೇಶ್ ಫೋನು ಮಾಡಿದ್ದು ಯಾರಿಗೆಂದು ಈಗ ತಿಳಿಯಿತು. ಹಳೆ ನೀರನ್ನು ಸುರಿಯಬಹುದಾದ ಜಾಗ ಈ ಭೂಮಿಯ ಮೇಲೆ ಒಂದೇ ಒಂದು. ಅಣ್ಣ ಪಾಡ್ಯಕ್ಕೆ ಕಾಯುತ್ತಿಲ್ಲ.

ಇಳಿದು, ಕೆರೆ ಸುತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಶೇಖಮ್ಮ ಎರಡೂ ಕೈಯನ್ನು ಬಾಯಿಗೆ ಹಿಡಿದು, ಎಂದೋ ಅಣ್ಣ ಅವಳ ಹಿಂದೆ ಓಡಿಬರುತ್ತ ಕೂಗುತ್ತಿದ್ದ ಧ್ವನಿಯಲ್ಲೇ ಕೂಗಿದಳು.

"ಅಣ್ಣಾ, ಬಿದ್ದೀಯ!"

ನೀರಿನ ಮೇಲೆ ಕೂಗು ಹಾಯ್ದುಹೋಯಿತು. ಕರಿಬಸಯ್ಯ ಕೊನೆಯ ಮೆಟ್ಟಿಲ ಮೇಲೆ ನಿಂತ. ತಲೆ ಎತ್ತಿ ಗುಡ್ಡದ ಕಡೆ ನೋಡಿದ. ತಂಗಿಯನ್ನು ಕಂಡ.

ಆಮೇಲೆ ಬಗ್ಗಿ ಗಿಂಡಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚತೊಡಗಿದ.